ಅಣ್ಣನ ಎಂಟರ ಸುತ್ತು

ಅರಳು ಹುರಿಯುವಾಗ ಮೊದಲ ಒಂದೆರಡು ಕಾಳು ಸಿಡಿಯುತ್ತದಲ್ಲ, ಟಪ್, ಸ್ವಲ್ಪ ಬಿಟ್ಟು ಟಪ್ ಟಪ್, ಆಮೇಲೆ ಇದ್ದಕ್ಕಿದ್ದಂತೆ ಹತ್ತಿಪ್ಪತ್ತು ಒಟ್ಟಿಗೆ, ಮತ್ತೆ ಮೌನ. ಆ ಸದ್ದು. ಆದರೆ ಅದು ಬಾಣಲೆಯಿಂದ ಬರುತ್ತಿರಲಿಲ್ಲ. ಮಣಿಪಾಲದ ಒಂದು ಲ್ಯಾಬೊರೇಟರಿಯ ಮೂಲೆಯಲ್ಲಿ, ಹಳೆಯ ರೇಡಿಯೊದ ಹಾಗೆ ಕಾಣುತ್ತಿದ್ದ ಸ್ಪೀಕರ್ ಡಬ್ಬಿಯಿಂದ ಬರುತ್ತಿತ್ತು. ಒಂದು ಇಲಿಯ ತಲೆಯೊಳಗಿನ ಒಂದೇ ಒಂದು ಜೀವಕೋಶದ ಸದ್ದು ಅದು.

ನಾನು ಅಲ್ಲಿ ಟೈಪಿಸ್ಟ್. ಡಿಪಾರ್ಟ್‌ಮೆಂಟಿನ ಥೀಸಿಸ್, ಪೇಪರ್, ರಿಪೋರ್ಟ್ ಎಲ್ಲವೂ ನನ್ನ ಬೆರಳುಗಳ ಮೂಲಕವೇ ಹೊರಗೆ ಹೋಗಬೇಕಿತ್ತು. ಮೊದಲು ಟೈಪ್‌ರೈಟರಿನಲ್ಲಿ, ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ. ಆ ದಿನ ಯಾವುದೋ ಪುಟಕ್ಕೆ ಸಹಿ ಬೇಕೆಂದು ಡಾಕ್ಟರಮ್ಮನನ್ನು ಹುಡುಕಿಕೊಂಡು ಒಳಗೆ ಹೋಗಿದ್ದೆ. ಡಾಕ್ಟರಮ್ಮ ಎಂದರೆ ರೋಗಿಗಳನ್ನು ನೋಡುವವರಲ್ಲ, ಇಲಿಗಳನ್ನು ನೋಡುವವರು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ನಿಂತಿದ್ದವರು ನನ್ನನ್ನು ನೋಡಿ ತುಟಿಗೆ ಬೆರಳಿಟ್ಟರು, ಆಮೇಲೆ ಹತ್ತಿರ ಬನ್ನಿ ಎಂದು ಕೈ ಮಾಡಿದರು.

ಮುಚ್ಚಳವಿಲ್ಲದ ಅಗಲವಾದ ಪೆಟ್ಟಿಗೆಯೊಳಗೆ ಇಲಿ ಓಡಾಡುತ್ತಿತ್ತು. ತಲೆಯ ಮೇಲಿಂದ ಕೂದಲಿನಷ್ಟು ಸಪೂರದ ವಯರುಗಳು. ಬಲಗಡೆ ತಿರುಗಾಡುವಷ್ಟು ಹೊತ್ತು ಡಬ್ಬಿ ಸುಮ್ಮನಿತ್ತು. ಎಡಗಡೆಯ ದೂರದ ಮೂಲೆಗೆ ಹೋಯಿತು, ಟಪ್ ಟಪ್ ಟಪ್. ಮೂಲೆ ಬಿಟ್ಟಿತು, ಮೌನ. ಆ ಕೋಶಕ್ಕೆ ಆ ಮೂಲೆ ಮಾತ್ರ ಗೊತ್ತು, ಪಕ್ಕದ ಕೋಶಕ್ಕೆ ಇನ್ನೊಂದು ಜಾಗ ಗೊತ್ತು, ಹೀಗೆ ಸಾವಿರಾರು ಕೋಶಗಳು ಸೇರಿ ಇಲಿಗೆ ತಾನೆಲ್ಲಿದ್ದೇನೆ ಎಂದು ತಿಳಿಸುತ್ತವೆ ಎಂದು ಡಾಕ್ಟರಮ್ಮ ಹೇಳಿದರು. ಆಮೇಲೆ ಸ್ಕ್ರೀನಿನಲ್ಲಿ ಏರಿಳಿಯುತ್ತಿದ್ದ ಒಂದು ಗೆರೆ ತೋರಿಸಿದರು. ಇಲಿ ನಡೆಯುವಾಗೆಲ್ಲ ಆ ಕೋಶಗಳಿರುವ ಮೆದುಳಿನ ಭಾಗ ಸೆಕೆಂಡಿಗೆ ಏಳೆಂಟು ಸಲ ಹೀಗೆ ಏರಿ ಇಳಿಯುತ್ತದಂತೆ, ಅಲೆಯ ಹಾಗೆ. ಕೋಶದ ಟಪ್ ಆ ಅಲೆಯ ಮೇಲೆ ಎಲ್ಲೆಂದರಲ್ಲಿ ಬೀಳುವುದಿಲ್ಲ. ಇಲಿ ತನ್ನ ಆ ಜಾಗಕ್ಕೆ ಕಾಲಿಡುವಾಗ ಅಲೆಯ ಹಿಂಭಾಗದಲ್ಲಿ ಬೀಳುತ್ತದೆ. ಮುಂದೆ ಹೋದ ಹಾಗೆ ಒಂದೊಂದು ಅಲೆಗೂ ಸ್ವಲ್ಪ ಬೇಗ, ಇನ್ನೂ ಸ್ವಲ್ಪ ಬೇಗ. ಜಾಗ ದಾಟುವ ಹೊತ್ತಿಗೆ ಅಲೆಯ ಮುಂಭಾಗಕ್ಕೇ ಬಂದಿರುತ್ತದೆ. ಟಪ್ ಬಿತ್ತೋ ಇಲ್ಲವೋ ಎನ್ನುವುದಷ್ಟೇ ಅಲ್ಲ, ಅಲೆಯ ಯಾವ ಗಳಿಗೆಗೆ ಬಿತ್ತು ಎಂದು ನೋಡಿದರೂ ಇಲಿ ಎಲ್ಲಿಗೆ ಮುಟ್ಟಿದೆ ಎಂದು ಹೇಳಬಹುದು. ತಾಳ ತೆಗೆದರೆ ಅರ್ಧ ಸುದ್ದಿ ಹೋದ ಹಾಗೆ ಎಂದರು.

ನಾಚಿಕೆಯ ಸಂಗತಿ ಎಂದರೆ ಅದನ್ನೆಲ್ಲ ಅಷ್ಟರಲ್ಲಿ ನಾನೇ ಎಷ್ಟೋ ಸಲ ಟೈಪ್ ಮಾಡಿದ್ದೆ. ಮೆದುಳಿನ ಆ ಭಾಗಕ್ಕಿರುವ ಹಿಪ್ಪೊಕ್ಯಾಂಪಸ್ ಎಂಬ ಹೆಸರನ್ನು ಕಣ್ಣುಮುಚ್ಚಿ ಹೊಡೆಯುತ್ತಿದ್ದೆ, ಒತ್ತೊತ್ತಿಗೆ ಎರಡು ‘ಪಿ’, ತಪ್ಪಿದ್ದೇ ಇಲ್ಲ. ಅದು ತಲೆಯೊಳಗೆ ಎಲ್ಲಿದೆ, ಎಂತ ಮಾಡುತ್ತದೆ, ಒಂದೂ ಗೊತ್ತಿರಲಿಲ್ಲ. ನಮಗೆ ಕಲಿಸಿದ್ದೇ ಹಾಗೆ. ಉಡುಪಿಯ ಕಾನ್ವೆಂಟಿನಲ್ಲಿ ಟೈಪಿಂಗ್ ಕ್ಲಾಸಿನ ಸಿಸ್ಟರ್ ಕೀಲಿಗಳ ಮೇಲೆ ಕಪ್ಪು ಬಟ್ಟೆ ಮುಚ್ಚಿ, ಮರದ ರೂಲರಿನಿಂದ ಮೇಜಿಗೆ ತಾಳ ಹಾಕುತ್ತಿದ್ದರು. ‘ಐಸ್ ಆನ್ ದ ಕಾಪಿ, ಗರ್ಲ್ಸ್.’ ಒಂದೊಂದು ಹೊಡೆತಕ್ಕೆ ಒಂದೊಂದು ಅಕ್ಷರ. ಕಣ್ಣು ಅಕ್ಷರ ನೋಡಬೇಕು, ಅರ್ಥ ನೋಡಬಾರದು. ಅರ್ಥಕ್ಕೆ ಹೋದರೆ ಬೆರಳು ತಪ್ಪುತ್ತದೆ. ಸಿಸ್ಟರ್ ಸೀನಲಿಕ್ಕೆಂದು ಒಮ್ಮೆ ರೂಲರ್ ನಿಲ್ಲಿಸಿದರೆ ಇಡೀ ಕ್ಲಾಸಿನ ಬೆರಳುಗಳು ದಾರಿ ತಪ್ಪಿ, ನಾವು ಹದಿನೆಂಟು ಹುಡುಗಿಯರೂ ಕಾಗದದ ಮೇಲೆ ಹುಚ್ಚುಚ್ಚಾಗಿ ಏನೇನೋ ಹೊಡೆದಿರುತ್ತಿದ್ದೆವು. ನಾನು ತುಂಬ ಒಬೀಡಿಯಂಟ್. ಮೂವತ್ತು ವರ್ಷ ಓದದೆ ಟೈಪ್ ಮಾಡಿದೆ. ಅದೇ ನನ್ನ ಹೆಮ್ಮೆಯೂ ಆಗಿತ್ತು.

ನಾವು ಕಾಪುವಿನ ಮೀನುಗಾರರ ಮನೆಯವರು. ಅಮ್ಮ ಬುಟ್ಟಿಯಲ್ಲಿ ಮೀನು ಹೊತ್ತು ಕಾನ್ವೆಂಟಿನ ಅಡುಗೆಮನೆಗೂ ಕೊಡುತ್ತಿದ್ದಳು. ಹಿಂದೆ ಬರುತ್ತಿದ್ದ ನನ್ನನ್ನು ನೋಡಿ ಒಬ್ಬ ಸಿಸ್ಟರ್, ಇವಳನ್ನು ಇಲ್ಲೇ ಬಿಡಿ, ಓದಲಿ ಎಂದರು. ಹಾಗೆ ನಾನು ಇಂಗ್ಲಿಷಿಗೆ ಬಿದ್ದೆ. ನನಗಿಂತ ಆರು ವರ್ಷಕ್ಕೆ ದೊಡ್ಡವನಾದ ಅಣ್ಣ ಅಷ್ಟರಲ್ಲಿ ಅಪ್ಪನ ದೋಣಿಗೆ ಬಿದ್ದಾಗಿತ್ತು. ಮದುವೆಯಾಗಿ ನಾನು ಕಾರ್ಕಳಕ್ಕೆ ಬಂದೆ. ನನ್ನವರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರ್, ಈಗ ಇಲ್ಲ. ಮಕ್ಕಳಾಗಲಿಲ್ಲ. ಕಾರ್ಕಳದಿಂದ ಮಣಿಪಾಲಕ್ಕೆ ದಿನಾ ಬಸ್ಸು, ತಿಂಗಳಿಗೆ ಒಂದು ಆದಿತ್ಯವಾರ ಬೆಳ್ಮಣ್ಣು, ಶಿರ್ವದ ಮೇಲಿನಿಂದ ಕಾಪು. ನನ್ನ ಆಯುಷ್ಯದ ಭೂಪಟ ಅಷ್ಟೇ.

ಇಲಿಯ ವಿಷಯವನ್ನು ಆ ತಿಂಗಳ ಆದಿತ್ಯವಾರ ಅಣ್ಣನಿಗೆ ಹೇಳಿದೆ. ಅವನು ಜಗಲಿಯಲ್ಲಿ ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದದ್ದನ್ನು ಹೆಣೆಯುತ್ತಿದ್ದ. ಪೂರ್ತಿ ಕೇಳಿದ. ನೂಲನ್ನು ಹಲ್ಲಿನಿಂದ ಕಡಿದ. ನಮ್ಮದು ತುಳು, ಕನ್ನಡದಲ್ಲಿ ಬರೆದರೆ ಅವನು ಹೇಳಿದ್ದು ಹೀಗೆ:

“ಇಷ್ಟು ತಿಳೀಲಿಕ್ಕೆ ಪಾಪದ ಇಲಿಯ ತಲೆಗೆ ವಯರ್ ಹಾಕ್ಬೇಕಿತ್ತಾ ಮಾರಾಯ್ತಿ? ನನ್ನನ್ನು ಕೇಳಿದ್ರೆ ಆಗ್ತಿತ್ತು.”

ಅವನು ಹುಟ್ಟು ಹಾಕುವ ಕಾಲದ ದೋಣಿಯ ಮುಖ್ಯಸ್ಥನಾಗಿದ್ದವನು. ಕಾಪುವಿನ ಕಡಲೊಳಗೆ ಕಣ್ಣಿಗೆ ಕಾಣದ ಕಲ್ಲುಗಳುಂಟು, ಮೀನು ಅಲ್ಲಿ ಗುಂಪಾಗುತ್ತದೆ. ದೀಪಸ್ತಂಭವೂ ತೆಂಗಿನ ತೋಟವೂ ಮಂಜಿನಲ್ಲಿ ಕಾಣದ ಬೆಳಿಗ್ಗೆಗಳಲ್ಲೂ ಅವನು ದೋಣಿಯನ್ನು ಸರಿಯಾಗಿ ಆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದ. ಅದಕ್ಕೆ ಎಂಟರ ಸುತ್ತು ಎಂದು ಒಂದು ಲೆಕ್ಕ. ದೋಣಿಯಲ್ಲಿ ಎಂಟು ಹುಟ್ಟು, ಹುಟ್ಟು ಹಾಕುವವರ ಹಾಡಿನ ಸಾಲಿಗೆ ಎಂಟು ಎಳೆತ, ಸಾಲು ಮುಗಿದರೆ ಒಂದು ಸುತ್ತು. ಇಂಥ ಕಲ್ಲಿಗೆ ಇಷ್ಟು ಸುತ್ತು, ಮೇಲೆ ಇಷ್ಟು ಎಳೆತ ಎಂದು ಅಪ್ಪ ಬಾಯಿಪಾಠ ಮಾಡಿಸಿದ್ದರು. ಆದರೆ ಗಾಳಿ ಇದ್ದ ದಿನ ಎಳೆತದ ಬಲ ಬೇರೆ, ಲೆಕ್ಕ ಮಾತ್ರ ಸಾಕಾಗುವುದಿಲ್ಲವಲ್ಲ ಎಂದು ಕೇಳಿದೆ. ಆಗ ಅಣ್ಣ ಬಲೆ ಕೆಳಗಿಟ್ಟ.

“ಹುಟ್ಟು ಅಲೆಯ ಎಲ್ಲಿಗೆ ಬೀಳ್ತದೆ ನೋಡ್ಬೇಕು. ದೂರ ಇರುವಾಗ ಅಲೆಯ ಬೆನ್ನಿಗೆ ಬೀಳ್ತದೆ. ಕಲ್ಲು ಹತ್ತಿರ ಬಂದ ಹಾಗೆ ಮುಂದೆ ಮುಂದೆ ಬೀಳ್ತದೆ. ಅಲೆಯ ಮೂತಿಗೇ ಬಿತ್ತು ಅಂದ್ರೆ ಕಲ್ಲು ಅಡಿಯಲ್ಲೇ ಉಂಟು.”

ಸೋಮವಾರ ಡಾಕ್ಟರಮ್ಮನಿಗೆ ಇದನ್ನು ಹೇಳಿದಾಗ ಅವರು ಚಹದ ಲೋಟ ಕೆಳಗಿಟ್ಟರು. ಆಮೇಲೆ ನಕ್ಕು, ನಿಮ್ಮ ಅಣ್ಣನನ್ನು ಒಮ್ಮೆ ನೋಡಬೇಕು ಎಂದರು. ನೋಡಬೇಕು, ನೋಡಬೇಕು ಎಂದು ನಾಲ್ಕು ವರ್ಷ ಹೇಳಿದರು. ನಾನೂ ಕರೆದುಕೊಂಡು ಬರುತ್ತೇನೆ ಎಂದು ನಾಲ್ಕು ವರ್ಷ ಹೇಳಿದೆ. ಆಮೇಲೆ ನಾನು ರಿಟೈರ್ ಆದೆ.

ಅಣ್ಣನ ದಾರಿ ಮೊದಲು ತಪ್ಪಿದ್ದು ಹೆದ್ದಾರಿಯಲ್ಲಿ. ಅತ್ತಿಗೆ ತೀರಿಹೋಗಿ ಎರಡು ವರ್ಷವಾಗಿತ್ತು. ಮಗಳು ಮತ್ತು ಅಳಿಯ ಅವನ ಜೊತೆಗೇ ಇದ್ದರು. ಅಳಿಯ ಬೋಟಿಗೆ ಹೋಗುವವನು, ಮಗಳು ಕಾಪು ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು. ಅಣ್ಣ ದಿನಾ ಬೆಳಿಗ್ಗೆ ಪೇಟೆಗೆ ನಡೆದು, ಹೆದ್ದಾರಿ ದಾಟಿ, ಆಚೆ ಬದಿಯ ಹೋಟೆಲಿನಲ್ಲಿ ಚಹ ಕುಡಿದು ಬರುವವನು. ಒಂದು ದಿನ ಬರಲಿಲ್ಲ. ಹುಡುಕಿದಾಗ ಎರಡು ರಸ್ತೆಗಳ ನಡುವಿನ ಕಟ್ಟೆಯ ಮೇಲೆ ಕೂತಿದ್ದ, ಎರಡೂ ಬದಿಯಲ್ಲಿ ಲಾರಿಗಳು. ರಸ್ತೆ ಅಗಲ ಮಾಡಿ ಆಗಲೇ ಕೆಲವು ವರ್ಷಗಳಾಗಿತ್ತು, ಇಷ್ಟು ದಿನ ದಾಟುತ್ತಲೂ ಇದ್ದ. ಅವತ್ತು ಮಾತ್ರ ಹಳೆಯ ರಸ್ತೆಯ ಲೆಕ್ಕ ಕಾಲಿಗೆ ಬಂದಿರಬೇಕು. ಎಂತ ಆಯಿತು ಎಂದು ಕೇಳಿದ್ದಕ್ಕೆ, ಸುತ್ತು ಮುಗಿಯಿತು, ರಸ್ತೆ ಮುಗಿಯಲಿಲ್ಲ ಎಂದನಂತೆ.

ಉಡುಪಿಯಲ್ಲಿ ನರರೋಗದ ಡಾಕ್ಟರಿಗೆ ತೋರಿಸಿದೆವು. ಸ್ಕ್ಯಾನಿನ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಕಿವಿಯ ನೇರಕ್ಕೆ ಒಳಗೆ ಎರಡು ಬದಿಯಲ್ಲೂ ಸೊರಗಿದ ಭಾಗವನ್ನು ಪೆನ್ನಿನ ತುದಿಯಿಂದ ತೋರಿಸಿ ಅವರು ಅದರ ಹೆಸರು ಹೇಳಿದರು. ಎರಡು ‘ಪಿ’. ನನ್ನ ಬಲಗೈಯ ಕಿರುಬೆರಳು ಸೀರೆಯ ಮೇಲೆ ತಾನಾಗಿ ಎರಡು ಸಲ ಕುಟ್ಟಿತು. ಮದ್ದು ಕೊಡುತ್ತೇನೆ, ನಿಧಾನ ಮಾಡಬಹುದು, ವಾಪಸು ತರಲಿಕ್ಕೆ ಆಗುವುದಿಲ್ಲ ಎಂದರು. ಅಣ್ಣ ಫಿಲ್ಮನ್ನು ಬಹಳ ಗಂಭೀರವಾಗಿ ನೋಡಿ, ಇದು ಯಾವ ಮೀನು ಎಂದು ಕೇಳಿದ. ತಮಾಷೆಯೋ ನಿಜವೋ ಈಗಲೂ ನನಗೆ ಗೊತ್ತಿಲ್ಲ.

ಅಲ್ಲಿಂದ ಹೊರಗೆ ಬಂದು ಸರ್ವಿಸ್ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕೂತಾಗ ಅಣ್ಣನ ಮಗಳು ಅತ್ತಳು. “ಮಾಮಿ, ನಾನು ಅಂಗಡಿ ಮುಚ್ಚಿ ಮನೆಯಲ್ಲಿ ಕೂತ್ರೆ ಆಗ್ಲಿಕ್ಕಿಲ್ಲ. ಗೇಟಿಗೆ ಬೀಗ ಹಾಕಿದ್ರೆ ಅಪ್ಪ ನನ್ನ ಮುಖ ನೋಡುವುದಿಲ್ಲ. ಒಂದು ಬದಿಯಲ್ಲಿ ಹೈವೇ, ಒಂದು ಬದಿಯಲ್ಲಿ ಕಡಲು. ನಾನು ಎಲ್ಲಿ ಅಂತ ಕಾಯಲಿ?” ಅಣ್ಣ ಗೋಳಿಬಜೆಯನ್ನು ಚಟ್ನಿಗೆ ಅದ್ದಿ ತಿನ್ನುತ್ತಿದ್ದ. ನಾನು ಅವನನ್ನು ಕಾರ್ಕಳಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದೆ. ನಮ್ಮ ಓಣಿಯಲ್ಲಿ ಲಾರಿ ಬರುವುದಿಲ್ಲ. ಕಾಂಪೌಂಡ್ ಉಂಟು. ನಾನು ಇಡೀ ದಿನ ಮನೆಯಲ್ಲೇ. ಇಟ್ ವಾಸ್ ದ ಸೆನ್ಸಿಬಲ್ ಥಿಂಗ್. ಎಲ್ಲರೂ ಹಾಗೆಯೇ ಹೇಳಿದರು.

ಒಂದು ಸಂಗತಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಪೇಟೆಯ ದಾರಿ ತಪ್ಪಿದರೂ, ಮನೆಯಿಂದ ಕಡಲ ಬದಿಗೆ ಹೋಗಿ ಬರುವ ದಾರಿ ಅವನಿಗೆ ಒಂದು ದಿನವೂ ತಪ್ಪಿರಲಿಲ್ಲ. ಹೋಗಿ ದೋಣಿ ಎಳೆದಿಡುವ ಜಾಗದಲ್ಲಿ ಕೂತು ವಾಪಸು ಬರುವುದು, ಅಷ್ಟೇ ಅವನಿಗೆ ಉಳಿದ ರಾಜ್ಯ. ಅದನ್ನು ನಾನು ಕಿತ್ತುಕೊಂಡೆ.

ಕಾರ್ಕಳದಲ್ಲಿ ಮೊದಲ ದಿನದಿಂದಲೇ ಅವನಿಗೆ ಬಚ್ಚಲು ಸಿಗಲಿಲ್ಲ. ನನ್ನದು ನಾಲ್ಕು ಕೋಣೆಯ ಮನೆ, ಸಿಗದೆ ಇರಲಿಕ್ಕೆ ಎಂತ ಉಂಟು? ಬಾಗಿಲಿಗೆ ಬಚ್ಚಲು ಎಂದು ದೊಡ್ಡದಾಗಿ ಬರೆದು ಅಂಟಿಸಿದೆ. ಓದಿ, ಹೌದು ಎಂದು, ಮುಂದೆ ಹೋಗಿ ದೇವರ ಕೋಣೆಯಲ್ಲಿ ನಿಲ್ಲುತ್ತಿದ್ದ. ತಿಂಡಿಗೆ ಕೂತವನು ಎದ್ದರೆ ಯಾವ ಕಡೆಯಿಂದ ಬಂದೆ ಎಂದು ತಿಳಿಯದೆ ಕುರ್ಚಿಯ ಬೆನ್ನು ಹಿಡಿದುಕೊಂಡೇ ಇರುತ್ತಿದ್ದ. ಜೀವಮಾನವಿಡೀ ನೆಲ ಕಾಣದ ನೀರಿನ ಮೇಲೆ ದಾರಿ ಹಿಡಿದವನು ನನ್ನ ರೆಡ್ ಆಕ್ಸೈಡ್ ನೆಲದ ಮೇಲೆ ಮುಳುಗುವವನ ಹಾಗೆ ನಿಂತಿರುವುದನ್ನು ನೋಡಿದ್ದೇನೆ. ಆದರೆ ಅವನಿಗೆ ನನ್ನ ಗುರುತು ಇತ್ತು. ಯಾವ ಕೋಣೆಯಲ್ಲಿದ್ದರೂ ನನ್ನ ಸೆರಗು ಕಂಡರೆ ಹಿಡಿದುಕೊಳ್ಳುತ್ತಿದ್ದ, ಅಮ್ಮ ಮಾತ್ರ ಕರೆಯುತ್ತಿದ್ದ ನನ್ನ ಚಿಕ್ಕಂದಿನ ಹೆಸರು ಹಿಡಿದು ಕರೆಯುತ್ತಿದ್ದ. ಆ ಹೆಸರನ್ನು ನಾನು ಕೇಳಿ ಐವತ್ತು ವರ್ಷದ ಮೇಲಾಗಿತ್ತು. ಸುಳ್ಳು ಹೇಳಬಾರದು, ನನಗೆ ಅದು ಬೇಕಾಗಿತ್ತು.

ಎರಡನೆಯ ವಾರ ಒಂದು ಮಧ್ಯಾಹ್ನ, ಊಟದ ತಟ್ಟೆಯ ಮುಂದೆ ಕೂತು ಅವನು ಕೇಳಿದ.

“ಕಡಲು ಯಾಕೆ ನಿಂತಿದೆ?”

ಇದು ಕಾರ್ಕಳ ಅಣ್ಣ, ಇಲ್ಲಿ ಕಡಲು ಇಲ್ಲ ಎಂದೆ. ಅವನು ತುತ್ತು ಕೈಯಲ್ಲಿ ಹಿಡಿದು ಯೋಚಿಸಿದ.

“ಇಲ್ಲ ಅಂದ್ರೆ ಎಂತ? ನಿಂತದ್ದೇ ಅಲ್ವಾ?”

ಆಗ ನನಗೆ ಹೊಳೆಯಿತು. ಎಪ್ಪತ್ತೆಂಟು ವರ್ಷ ಅವನ ಕಿವಿಯಲ್ಲಿ ಒಂದು ಗಳಿಗೆಯೂ ನಿಲ್ಲದಿದ್ದ ಸದ್ದು ಇಲ್ಲಿ ಇಲ್ಲ. ಹೊಳೆದದ್ದೇ ತಡ, ನನ್ನ ಇಂಗ್ಲಿಷ್ ಓದಿನ ತಲೆ ಓಡತೊಡಗಿತು. ತಾಳ ತೆಗೆದರೆ ಸುದ್ದಿ ಹೋದ ಹಾಗೆ ಎಂದು ಡಾಕ್ಟರಮ್ಮ ಹೇಳಿದ್ದರಲ್ಲ. ಹಾಗಾದರೆ ತಾಳವನ್ನು ವಾಪಸು ಕೊಟ್ಟರೆ? ಅಣ್ಣನ ಮಗಳಿಗೆ ಫೋನ್ ಮಾಡಿ, ಕಡಲ ಬದಿಗೆ ಹೋಗಿ ಅಲೆಯ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸು ಎಂದೆ. ಪಾಪ, ಅಂಗಡಿ ಮುಚ್ಚಿ ಹೋಗಿ ಒಂದು ಗಂಟೆಯದ್ದು ಕಳಿಸಿದಳು. ಅದನ್ನು ದೊಡ್ಡದಾಗಿ ಕೇಳುವ ಹಾಗೆ ಮಾಡಲು ಒಂದು ಸ್ಪೀಕರ್ ತರಿಸಿದೆ. ಪ್ಲಗ್ ಪಾಯಿಂಟ್ ಇದ್ದದ್ದು ಅಡುಗೆಮನೆಯಲ್ಲಿ, ಅಲ್ಲೇ ಕಪಾಟಿನ ಮೇಲೆ ಇಟ್ಟೆ.

ಬೆಳಿಗ್ಗೆ ಹಾಕಿದೆ. ಅಣ್ಣ ಮಂಚದ ಮೇಲೆ ಎದ್ದು ಕೂತ. ಅವನ ಮುಖ ಬಿಚ್ಚಿಕೊಂಡದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಯಾರನ್ನೂ ಹಿಡಿಯದೆ ಎದ್ದ, ಬೆನ್ನು ನೆಟ್ಟಗೆ ಮಾಡಿದ, ಬಾಯಲ್ಲಿ ಏನೋ ಎಣಿಸುತ್ತ ನಡೆದ. ಎಷ್ಟು ಚೆಂದದ ನಡಿಗೆ. ನಾನು ಸಿಸ್ಟರ್ ಮುಂದೆ ತಪ್ಪಿಲ್ಲದ ಪುಟ ಇಟ್ಟ ಹುಡುಗಿಯ ಹಾಗೆ ನಿಂತಿದ್ದೆ. ಅವನಿಗೆ ಕಡಲೆಂದರೆ ಮನೆಯ ಎದುರು, ಪಡುವಣಕ್ಕೆ. ಕಡಲು ಕೇಳಿದ ಕಡೆ ಎದುರು, ಎದುರಿಗೆ ಜಗಲಿ, ಜಗಲಿಗೆ ಮೂರು ಮೆಟ್ಟಿಲು, ಆಮೇಲೆ ಕಡಲ ಬದಿಯ ಹೊಯಿಗೆ. ನನ್ನ ಮನೆಯಲ್ಲಿ ಆ ಕಡೆ ಇದ್ದದ್ದು ಅಡುಗೆಮನೆಯ ಗೋಡೆ. ಪೂರ್ತಿ ವಿಶ್ವಾಸದಿಂದ, ಒಂಚೂರೂ ನಿಧಾನ ಮಾಡದೆ ಹೋಗಿ ಅವನು ಹಣೆಯನ್ನು ಗೋಡೆಗೆ ಹೊಡೆದುಕೊಂಡ. ಬಿದ್ದವನು ಮೂರು ಮೆಟ್ಟಿಲು ಇಳಿಯಲು ಇನ್ನೂ ಕಾಲು ಆಡಿಸುತ್ತಿದ್ದ. ಸ್ಪೀಕರಿನಲ್ಲಿ ಅಲೆ ಬರುತ್ತಲೇ ಇತ್ತು. ಅದನ್ನು ನಿಲ್ಲಿಸುವ ಬಟನ್ ಯಾವುದೆಂದು ನನಗೆ ತಿಳಿಯಲಿಲ್ಲ, ವಯರನ್ನೇ ಎಳೆದು ಕಿತ್ತೆ.

ಹಣೆಗೆ ನಾಲ್ಕು ಹೊಲಿಗೆ. ಅವನ ಮಗಳು ಬಂದು ಅವನ ಹತ್ತಿರ ಕೂತ ದಿನ ನಾನು ಮಣಿಪಾಲಕ್ಕೆ ಹೋದೆ. ಡಾಕ್ಟರಮ್ಮನೂ ರಿಟೈರ್ ಆಗಿ ಅಲ್ಲೇ ಒಂದು ಫ್ಲ್ಯಾಟಿನಲ್ಲಿದ್ದಾರೆ. ಮೊಣಕಾಲು ನೋವು, ಕೋಲು ಹಿಡಿದು ಬಾಗಿಲು ತೆಗೆದರು. ಎಲ್ಲ ಕೇಳಿ, ಬಯ್ಯಲಿಲ್ಲ. ಮೆದುಳಿನ ಆ ಅಲೆ ಒಳಗೇ ಹುಟ್ಟುವಂಥದು, ಕಡಲಿನ ಸದ್ದಿಗೂ ಅದಕ್ಕೂ ಸಂಬಂಧವಿಲ್ಲ, ಹೊರಗಿನಿಂದ ಸ್ಪೀಕರ್ ಇಟ್ಟು ಕೊಡಲಿಕ್ಕೆ ಬರುವುದಿಲ್ಲ, ನೀವು ಎರಡನ್ನು ಒಂದು ಮಾಡಿಕೊಂಡಿರಿ ಎಂದರು. ಅಣ್ಣನಿಗೆ ಕಡಲು ಬೇಕಾಗಿರುವುದು ದಿಕ್ಕು ತಿಳಿಯಲಿಕ್ಕೆ. ಹಳೆಯ ಜಾಗದಲ್ಲಿ ಹಿಡಿದುಕೊಳ್ಳಲಿಕ್ಕೆ ಅಂಥವು ನೂರು ಇರುತ್ತವೆ. ಹೊಸ ಜಾಗವನ್ನು ಬರೆದುಕೊಳ್ಳುವ ಶಕ್ತಿ ಇಂಥವರಿಗೆ ಮೊದಲು ಹೋಗುತ್ತದೆ, ಹಳೆಯದು ಹೋಗುವುದು ಕೊನೆಗೆ.

“ಇದೆಲ್ಲ ನಿಮಗೆ ಗೊತ್ತಿತ್ತು ಅಂತ ನಾನು ತಿಳಿದಿದ್ದೆ. ನನ್ನ ಪೇಪರಿನಲ್ಲಿ ಇದ್ದದ್ದೇ ಅಲ್ವಾ. ನೀವೇ ಟೈಪ್ ಮಾಡಿದ್ದು.”

ಹೌದು, ಟೈಪ್ ಮಾಡಿದ್ದು ನಾನೇ. ವಾಪಸು ಬರುವ ಬಸ್ಸಿನಲ್ಲಿ ಆ ಪುಟ ಕಣ್ಣಮುಂದೆ ಬಂತು, ಮಾರ್ಜಿನ್ ಸಮೇತ. ಅಕ್ಷರಗಳು ಕಂಡವು. ಆಗಲೂ ಅರ್ಥ ಬರಲಿಲ್ಲ, ಬೆರಳುಗಳು ಮಾತ್ರ ಮಡಿಲಲ್ಲಿ ಆಡಿದವು.

ಅವನನ್ನು ಕಾಪುವಿಗೆ ವಾಪಸು ಕಳಿಸುವುದೆಂದು ನಾನೇ ಹೇಳಿದೆ. ಮಗಳು ಹೆದರಿದಳು. ಕೊನೆಗೆ ಹೆದ್ದಾರಿಯ ಕಡೆಗಿನ ದಾರಿಗೆ ಅಡ್ಡಲಾಗಿ ಅಳಿಯ ಒಂದು ಗೇಟು ಮಾಡಿಸಿದ, ಕಡಲ ಕಡೆಗಿನದ್ದು ತೆರೆದೇ ಇಟ್ಟರು. ಆ ದಾರಿಯಲ್ಲಿ ಮೀನು ಒಣಹಾಕುವ ಹೆಂಗಸರಿಗೆಲ್ಲ ಹೇಳಿಟ್ಟೆವು. ಅವರು ಅವನನ್ನು ಕಾಯುವುದಕ್ಕಿಂತ ಹೆಚ್ಚು ಗೇಲಿ ಮಾಡುತ್ತಿದ್ದರು. ಏನು ಯಜಮಾನ್ರೇ, ಇವತ್ತು ಎಷ್ಟು ಸುತ್ತಿಗೆ ಬಂದ್ರಿ ಎಂದು ಒಬ್ಬಳು, ಗಾಳಿ ಉಂಟು, ಎರಡು ಹೆಚ್ಚು ಬಿದ್ದಿರಬೇಕು ಎಂದು ಇನ್ನೊಬ್ಬಳು. ಅವನು ಖುಷಿಯಾಗಿ ಉತ್ತರ ಕೊಡುತ್ತಿದ್ದ. ವಾರದೊಳಗೆ ಅವನ ಬೆನ್ನು ನೆಟ್ಟಗಾಯಿತು. ಬಚ್ಚಲು, ಬಾವಿ, ಜಗಲಿ ಎಲ್ಲ ತಾನಾಗಿ ಸಿಕ್ಕಿದವು.

ನಾನು ಸಿಗಲಿಲ್ಲ. ಮುಂದಿನ ತಿಂಗಳು ಹೋದಾಗ ಅತ್ತಿಗೆ ಎಂದು ತಿಳಿದು, ಗಂಜಿ ಆಯಿತಾ ಎಂದು ಕೇಳಿದ. ಅದರ ಮುಂದಿನ ತಿಂಗಳು ಎದ್ದು ನಿಂತು, ಬನ್ನಿ, ಕೂತುಕೊಳ್ಳಿ ಎಂದು ಮರ್ಯಾದೆ ಮಾಡಿದ. ನನ್ನನ್ನು ಹಿಡಿದುಕೊಳ್ಳಬೇಕಾದ ಅಗತ್ಯ ಅವನಿಗೆ ಅಲ್ಲಿ ಇರಲಿಲ್ಲ. ಇದು ಆ ಕಾಯಿಲೆಯ ದಾರಿ, ಕಾರ್ಕಳದಲ್ಲಿದ್ದರೂ ಹೀಗೇ ಆಗುತ್ತಿತ್ತು ಎಂದು ಉಡುಪಿಯ ಡಾಕ್ಟರು ಹೇಳಿದರು. ಇರಬಹುದು. ಬಸ್ಸಿನಲ್ಲಿ ಕೂತು ಶಿರ್ವ ದಾಟುವಾಗ ಮಾತ್ರ ಪ್ರತಿ ಸಲ ನನಗೆ ಅನ್ನಿಸುತ್ತಿತ್ತು, ನಾಲ್ಕು ಕೋಣೆಯ ಮನೆಯಲ್ಲಿ ದಾರಿ ತಪ್ಪಿ ನನ್ನ ಸೆರಗು ಹಿಡಿದಿದ್ದ ಅಣ್ಣ ಸ್ವಲ್ಪ ದಿನ ಹಾಗೆಯೇ ಇದ್ದಿದ್ದರೆ. ಅದು ಒಳ್ಳೆಯ ಯೋಚನೆಯಲ್ಲ. ಕನ್ಫೆಶನ್ ಮಾಡುವ ಜಾತಿಯಲ್ಲ ನಾವು, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಈ ಬೇಸಗೆಯ ಮೊದಲಿಗೆ ಅವನಿಗೆ ಜ್ವರ ಬಂದು ಎರಡೇ ದಿನದಲ್ಲಿ ಹೋದ. ನಾನು ಕಾಪು ಮುಟ್ಟುವಾಗ ಮುಖ ಮುಚ್ಚಿಯಾಗಿತ್ತು, ತೆಗೆಯುವುದು ಬೇಡ ಎಂದೆ. ಹಾಗಾಗಿ ಅವನನ್ನು ನೋಡಿದ್ದು ಎಂದರೆ ಅದಕ್ಕೆ ಹತ್ತು ದಿನ ಮೊದಲು ನೋಡಿದ್ದೇ.

ಅವತ್ತು ಸಂಜೆ ನಾಲ್ಕೂವರೆಯ ಹೊತ್ತಿಗೆ ನಾನು ಹೊರಟೆ. ಕಡಲಿಗೆ ಹೋಗಲು ಅವನೂ ಹೊರಟಿದ್ದ, ಮನೆಯ ಎದುರಿನ ಗೇಟಿನ ತನಕ ಜೊತೆಗೆ ಬಂದ. ತಾವು ಯಾವ ಕಡೆಯವರು ಎಂದು ಕೇಳಿದ. ಕಾರ್ಕಳ ಎಂದೆ. ನನ್ನ ತಂಗಿಯನ್ನು ಕೊಟ್ಟದ್ದು ಅಲ್ಲಿಗೇ ಎಂದ. ನಾನು ಹೌದಾ ಎಂದೆ. ಬಸ್ಸಿಗೆ ದಾರಿ ಗೊತ್ತುಂಟಾ ಎಂದು ಕೇಳಿದವನು ಉತ್ತರಕ್ಕೆ ಕಾಯದೆ ಕೈ ಚಾಚಿ ತೋರಿಸಿದ.

“ಇಲ್ಲಿಂದ ಎಂಟರ ಏಳು ಸುತ್ತು, ಮೇಲೆ ಮೂರು. ಗೋಳಿಮರದ ಕಟ್ಟೆ ಸಿಗ್ತದೆ. ಅಲ್ಲೇ ನಿಲ್ಲಿ, ಬಸ್ಸು ಬರ್ತದೆ. ಓಡ್ಬೇಡಿ, ಲೆಕ್ಕ ತಪ್ತದೆ.”

ಆ ಗೋಳಿಮರ ಹೋಗಿ ಎಷ್ಟೋ ವರ್ಷವಾಯಿತು. ಮರವಿದ್ದ ಆ ತಿರುವಿಗೆ ಬಸ್ಸು ಈಗ ಬರುವುದೇ ಇಲ್ಲ, ಹೆದ್ದಾರಿಗೇ ಹೋಗಬೇಕು. ಅಳಿಯ ಮಾಡಿಸಿದ ಗೇಟು ಇರುವುದು ಬೇರೆ ಕಡೆ, ನಾನು ಹೋಗಬೇಕಾದದ್ದೂ ಆ ಕಡೆಗೇ. ಆದರೆ ಅವನು ನೋಡುತ್ತ ನಿಂತಿದ್ದ. ನಾನು ತಿರುವಿನ ಕಡೆ ನಡೆದೆ. ಒಂದು, ಎರಡು, ಮೂರು. ರೂಲರಿನ ಹೊಡೆತ ತಾನಾಗಿ ಕಿವಿಗೆ ಬಂತು, ಕಾಲು ಅದಕ್ಕೆ ಸರಿಯಾಗಿ ಬೀಳತೊಡಗಿತು. ಎಂಟಕ್ಕೆ ಒಂದು ಬೆರಳು ಮಡಚಿದೆ. ಏಳು ಬೆರಳು ಮಡಚಿ ಮೇಲೆ ಮೂರು ಹೆಜ್ಜೆ ಇಟ್ಟಾಗ ನನ್ನ ಚಪ್ಪಲಿಯ ತುದಿ ಹುಲ್ಲಿನೊಳಗಿನ ಒಂದು ಕಲ್ಲಿಗೆ ತಾಗಿತು. ಹಳೆಯ ಕಟ್ಟೆಯ ಅಂಚು.

ಅಲ್ಲೇ ನಿಂತೆ. ತಿರುಗಿ ನೋಡಿದರೆ ಅವನು ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು, ನಾನು ಮುಟ್ಟಿದೆನೇ ಎಂದು ನೋಡುತ್ತಿದ್ದ. ಒಂದು ಆಟೊ ಹತ್ತಿರ ಬಂದು ನಿಧಾನ ಮಾಡಿತು, ಬೇಡವೆಂದು ತಲೆ ಆಡಿಸಿದೆ. ಅಣ್ಣನ ಕಡೆಗೆ ಕೈ ಎತ್ತಿದೆ. ಸರಿಯಾಗಿ ನಿಂತಿದ್ದೇನೆ ಎಂದು ಅವನಿಗೆ ಸಮಾಧಾನವಾಗಿರಬೇಕು. ಕೈ ಇಳಿಸಿ, ಪಂಚೆ ಎತ್ತಿ ಕಟ್ಟಿ, ಕಡಲ ಕಡೆ ತಿರುಗಿ, ಎಣಿಸಿಕೊಂಡು ಹೋದ.